ಪರರ ದನಿಯಲ್ಲಿ ಹಾಡುವ ಹಕ್ಕಿಗಳು

ಬೈಲಹೊಂಗಲದ ಎರೆಹೊಲದ ಬದುವಿನಲ್ಲಾಗಲಿ, ರಾಮದುರ್ಗದ ಕಲ್ಲುಗುಡ್ಡದ ಇಳಿಜಾರಿನಲ್ಲಾಗಲಿ ಬೆಳೆದ ಜಾಲಿಯ ಗಿಡವೊಂದರ ತುದಿಯಿಂದ ನಾಯಿಮರಿಯ ಕುಂಯ್‌ಗುಟ್ಟುವ ದನಿ ಕೇಳಿಬಂದರೆ ಯಾರಿಗಾದರೂ ಸೋಜಿಗವಾಗದಿರದು. ನಾಯಿಮರಿ ಗಿಡ ಹತ್ತುವ ಪ್ರಾಣಿಯಲ್ಲ. ಮರುಗಳಿಗೆಯಲ್ಲಿ ಅದೇ ತುದಿಯಿಂದ ಅಳಿಲಿನ ಚಿಟಿಚಿಟಿ ಸದ್ದು, ಅದರ ಬೆನ್ನಿಗೇ ಟಿಟ್ಟಿಭದ ಕೂಗು ಹೊರಟರೆ ಸೋಜಿಗ ಇಮ್ಮಡಿಸುತ್ತದೆ. ಕಣ್ಣಿಟ್ಟು ನೋಡಿದರೆ ಅಲ್ಲಿ ಕಾಣುವುದು ಒಂದೇ ಒಂದು ಹಕ್ಕಿ. ತಲೆ ಬೂದುಬಣ್ಣ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬೆನ್ನಿನ ಕೆಳಭಾಗ ಕೆಂಗಂದು, ಬಾಲ ನೀಳ. ಇದೇ ಉದ್ದಬಾಲದ ಕಳಿಂಗ. ಮಿಡತೆ, ಹಲ್ಲಿಗಳನ್ನು ಹಿಡಿದು ಮುಳ್ಳಿಗೆ ಸಿಕ್ಕಿಸಿಟ್ಟು ತಿನ್ನುವ ಇದರ ವಂಶಕ್ಕೆ ಕಟುಕ ಹಕ್ಕಿಯೆಂಬ ಕೆಟ್ಟ ಹೆಸರೂ ಉಂಟು. ಅದೇ ಹಕ್ಕಿ ತಗ್ಗಿದ ದನಿಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವಾಗ ನಾಯಿಮರಿ, ಅಳಿಲು, ಟಿಟ್ಟಿಭ, ಕೋಗಿಲೆಯ ಬಳಗದ ಹಕ್ಕಿ ಮುಂತಾದವುಗಳ ದನಿಗಳನ್ನು ಒಂದರ ಹಿಂದೊಂದರಂತೆ ಪೋಣಿಸುತ್ತದೆ.

ಒಂದು ಜಾತಿಯ ಹಕ್ಕಿ ಇನ್ನೊಂದು ಜಾತಿಯ ಪ್ರಾಣಿಯ ದನಿಯನ್ನು ಕಲಿತು ನುಡಿಯುವುದಕ್ಕೆ ಧ್ವನ್ಯನುಕರಣವೆಂದು ಹೆಸರು. ಇದರಲ್ಲಿ ಜಗತ್ಪ್ರಸಿದ್ಧವಾದುದು ಉತ್ತರ ಅಮೆರಿಕದ ಮಾಕಿಂಗ್‌ಬರ್ಡ್. ೧೭೫೮ರಲ್ಲಿ ಲಿನೇಯಸನು ಅದಕ್ಕಿಟ್ಟ ಶಾಸ್ತ್ರೀಯ ನಾಮದಲ್ಲಿಯೇ 'ಹಲವು ನಾಲಗೆಗಳುಳ್ಳದ್ದು' ಎಂಬ ಅರ್ಥವಿದೆ. ಒಂದೊಂದು ಗಂಡು ನೂರಕ್ಕೂ ಮೀರಿದ ಬಗೆಯ ಹಾಡುಗಳನ್ನು ಬಲ್ಲದು. ಅಕ್ಕಪಕ್ಕದ ಹಕ್ಕಿಗಳಲ್ಲದೆ ಕಪ್ಪೆ, ಬೆಕ್ಕು, ನಾಯಿಗಳ ದನಿಗಳೂ ಅವುಗಳಲ್ಲಿ ಸೇರಿರುತ್ತವೆ. ಆ ಹಕ್ಕಿ ನಮ್ಮ ದೇಶದಲ್ಲಿಲ್ಲ. ಆದರೆ ಅದರ ವಿದ್ಯೆ ನಮ್ಮಲ್ಲಿ ಇಲ್ಲದಿಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹೊಲ ಹಿತ್ತಿಲುಗಳಲ್ಲಿಯೇ ಅದನ್ನು ಬಲ್ಲ ಹಕ್ಕಿಗಳು ಹಲವಿವೆ. ಅವು ಯಾವುವು, ಹೇಗೆ ಅನುಕರಿಸುತ್ತವೆ, ಏತಕ್ಕಾಗಿ ಅನುಕರಿಸುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕಲಿತ ದನಿ, ಕಲಿಯದ ದನಿ

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಕೋಳಿಯ ಹುಂಜ ಕೂಗುವುದನ್ನು ಯಾರಿಂದಲೂ ಕಲಿಯುವುದಿಲ್ಲ. ಬೇರೆ ಕೋಳಿಗಳ ದನಿ ಕೇಳದಂತೆ ಬೆಳೆಸಿದರೂ ಅದು ಹುಂಜದಂತೆಯೇ ಕೂಗುತ್ತದೆ. ಪಾರಿವಾಳದ ಗುಟುರೂ ಹೀಗೆಯೇ ಹುಟ್ಟಿನಿಂದ ಬಂದದ್ದು. ಹಾಡುಹಕ್ಕಿಗಳ ಮಾತು ಬೇರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಥಾರ್ಪ್ ಎಂಬ ವಿಜ್ಞಾನಿ ೧೯೫೦ರ ದಶಕದಲ್ಲಿ ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ತಮ್ಮ ಜಾತಿಯ ಹಾಡು ಕಿವಿಗೆ ಬೀಳದಂತೆ ಸಾಕಿ ನೋಡಿದರು. ಅವು ಬೆಳೆದು ಹಾಡತೊಡಗಿದಾಗ ಹೊರಟದ್ದು ಅರೆಬರೆಯಾದ, ಅಂದಗೆಟ್ಟ ಹಾಡು. ಸರಿಯಾದ ಹಾಡಿಗೆ ಹಿರಿಯ ಹಕ್ಕಿಯ ಮಾದರಿ ಬೇಕೇ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಹಕ್ಕಿಗಳಲ್ಲಿ ಹೀಗೆ ದನಿಯನ್ನು ಕೇಳಿ ಕಲಿಯುವ ಗುಂಪುಗಳು ಮುಖ್ಯವಾಗಿ ಮೂರು: ಹಾಡುಹಕ್ಕಿಗಳು, ಗಿಳಿಗಳು, ಅಮೆರಿಕ ಖಂಡಗಳಲ್ಲಿರುವ ಝೇಂಕಾರದ ಹಕ್ಕಿಗಳು.

ಹಾಡುಹಕ್ಕಿಗಳಲ್ಲಿಯೂ ಬಹುಪಾಲು ಜಾತಿಗಳು ತಮ್ಮ ಕುಲದ ಹಾಡನ್ನಷ್ಟೇ ಆರಿಸಿ ಕಲಿಯುತ್ತವೆ. ನೂರು ದನಿಗಳ ನಡುವೆ ಬೆಳೆದರೂ ತಮ್ಮವರದನ್ನೇ ಹಿಡಿಯುತ್ತವೆ. ಅನುಕರಣಪಟುಗಳಾದ ಹಕ್ಕಿಗಳಲ್ಲಿ ಈ ಆಯ್ಕೆಯ ಬಾಗಿಲು ಅಗಲವಾಗಿ ತೆರೆದಿರುತ್ತದೆ. ನೆರೆಹೊರೆಯ ದನಿಗಳು ಒಳಹೊಕ್ಕು ಅಲ್ಲಿಯೇ ನೆಲಸುತ್ತವೆ.

ನಾಲ್ಕು ಸೀಮೆಗಳ ಅನುಕರಣಪಟುಗಳು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿಯುತ್ತಾ ಈ ಸೀಮೆಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಾಗಿ ನಿಂತು, ಮುಂದೆ ರಾಮದುರ್ಗವನ್ನು ಸೇರುತ್ತದೆ. ಹೊಳೆಯ ಜೊತೆಯಲ್ಲಿ ಪಡುವಣದಿಂದ ಮೂಡಣಕ್ಕೆ ನಡೆದರೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ಕಾಡಿನ ಅಂಚು ಹೊಲವಾಗುತ್ತದೆ, ಹೊಲ ಕಲ್ಲುಗುಡ್ಡ ಕುರುಚಲುಗಳಾಗುತ್ತದೆ. ಅದಕ್ಕೆ ತಕ್ಕಂತೆ ಹಕ್ಕಿಗಳೂ ಬದಲಾಗುತ್ತವೆ.

ಕಿತ್ತೂರಿನಿಂದ ಪಡುವಣಕ್ಕೆ ಸಾಗಿ ಖಾನಾಪುರ, ಲೋಂಡಾಗಳ ಕಾಡನ್ನು ಹೊಕ್ಕರೆ ಭೀಮರಾಜನ ರಾಜ್ಯ. ಮಿರುಗುವ ಕಪ್ಪು ಮೈ, ತಲೆಯಲ್ಲಿ ಜುಟ್ಟು, ಬಾಲದ ಎರಡು ಹೊರಗರಿಗಳು ತಂತಿಯಂತೆ ನೀಳವಾಗಿ ತುದಿಯಲ್ಲಿ ಮಾತ್ರ ಅಗಲವಾದ ಬಿಲ್ಲೆಗಳು. ಹಾರುವಾಗ ಎರಡು ದುಂಬಿಗಳು ಬೆನ್ನಟ್ಟಿ ಬರುವಂತೆ ಕಾಣುತ್ತದೆ. ಭಾರತದ ಅನುಕರಣಪಟುಗಳಲ್ಲಿ ಇದಕ್ಕೇ ಅಗ್ರಸ್ಥಾನ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸಮೀರಾ ಅಗ್ನಿಹೋತ್ರಿಯವರು ಇದರ ಅನುಕರಣವನ್ನು ವರ್ಷಗಳ ಕಾಲ ಅಭ್ಯಾಸಮಾಡಿದ್ದಾರೆ. ಅನುಕರಿಸಿದ ದನಿಯನ್ನು ಗುರುತಿಸುವುದರಲ್ಲಿ ಮನುಷ್ಯನ ತೀರ್ಪು ಮತ್ತು ಗಣಕಯಂತ್ರದ ತೀರ್ಪುಗಳನ್ನು ಹೋಲಿಸಿ ಅವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ೨೦೧೪ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಬೈಲಹೊಂಗಲದ ಕಡೆಯ ಎರೆಭೂಮಿಯಲ್ಲಿ ಭೀಮರಾಜನ ದಾಯಾದಿಯಾದ ಕಾಜಾಣವನ್ನು ಕಾಣದವರಿಲ್ಲ. ಇಬ್ಬಗೆಯಾಗಿ ಸೀಳಿದ ಬಾಲದ ಈ ಕರಿಯ ಹಕ್ಕಿ ಉಳುವ ಎತ್ತುಗಳ ಹಿಂದೆಯೂ ಮೇಯುವ ಎಮ್ಮೆಯ ಬೆನ್ನ ಮೇಲೆಯೂ ಕುಳಿತು, ಮೇಲೆದ್ದ ಹುಳುಗಳನ್ನು ಹಿಡಿಯುತ್ತದೆ. ಶಿಕ್ರಾ ಎಂಬ ಚಿಕ್ಕ ಬೇಟೆಹಕ್ಕಿಯ ಕೂಗನ್ನು ಇದು ಚೆನ್ನಾಗಿ ಅನುಕರಿಸಬಲ್ಲದು. ಗೊರವಂಕಗಳು ನೆಲದಲ್ಲಿ ಹುಳು ಹೆಕ್ಕುತ್ತಿರುವಾಗ ಕಾಜಾಣವು ಶಿಕ್ರಾದಂತೆ ಕೂಗಿ, ಅವು ಬೆದರಿ ಹಾರಿದೊಡನೆ ಬಿಟ್ಟುಹೋದ ತುತ್ತನ್ನು ಎತ್ತಿಕೊಂಡುದನ್ನು ಪಕ್ಷಿವೀಕ್ಷಕರು ವರದಿಮಾಡಿದ್ದಾರೆ.

ಸವದತ್ತಿಯ ಸುತ್ತಿನ ಬಯಲುಗಳಂಥ ತೆರೆದ ಒಣನೆಲದಲ್ಲಿ ಬೇರೊಂದು ಗಾಯಕನ ಸಂಚಾರ. ಅದು ಕಂದು ಬಣ್ಣದ, ಜುಟ್ಟುಳ್ಳ ಚಿಕ್ಕ ನೆಲಗುಬ್ಬಿ. ದಖ್ಖನಿನ ಹಕ್ಕಿಗಳನ್ನು ವರ್ಣಿಸಿದ ಕರ್ನಲ್ ಸೈಕ್ಸ್ ೧೮೩೨ರಲ್ಲಿ ಇದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದುದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಇಲ್ಲ. ಗಂಡು ನೆಲದಿಂದ ಮೇಲೇರಿ, ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಹಾಡುವಾಗ ತನ್ನ ಸ್ವರಗಳ ನಡುವೆ ಬೇರೆ ಹಕ್ಕಿಗಳ ಕೂಗುಗಳನ್ನೂ ನೇಯುತ್ತದೆ.

ರಾಮದುರ್ಗದ ಕಡೆಯಂಥ ಕುರುಚಲು ಸೀಮೆಯಲ್ಲಿಯೂ ಊರೊಳಗಿನ ತೋಟಗಳಲ್ಲಿಯೂ ಎಲೆಹಕ್ಕಿಯನ್ನು ಹುಡುಕಬೇಕು. ಎಲೆಯದೇ ಹಸಿರುಬಣ್ಣವಾದುದರಿಂದ ಕಣ್ಣಿಗಿಂತ ಮೊದಲು ಕಿವಿಗೇ ಸಿಕ್ಕುವ ಹಕ್ಕಿ ಇದು. ೧೮೬೨ರಿಂದ ೧೮೬೪ರವರೆಗೆ ಭಾರತದ ಹಕ್ಕಿಗಳ ಮೇಲೆ ದೊಡ್ಡ ಗ್ರಂಥವನ್ನು ಹೊರತಂದ ಜೆರ್ಡನ್ನನ ಹೆಸರನ್ನು ಹೊತ್ತ ಈ ಜಾತಿಯು ಪಿಕಳಾರ, ಕಾಜಾಣ, ಸಿಂಪಿಗ, ಶಿಕ್ರಾ ಮೊದಲಾದ ಹಲವು ದನಿಗಳನ್ನು ಬಲ್ಲದು. ಗಿಡವೊಂದರಲ್ಲಿ ಐದಾರು ಹಕ್ಕಿಗಳು ಸಭೆ ಸೇರಿದಂತೆ ಕೇಳಿ, ನೋಡಿದರೆ ಒಂದೇ ಇರುವುದುಂಟು.

ಎರಡು ಕೊಳವೆಯ ಕೊಳಲು

ಇಷ್ಟು ಬಗೆಯ ದನಿಗಳನ್ನು ಒಂದು ಚಿಕ್ಕ ಗಂಟಲು ಹೇಗೆ ಹೊರಡಿಸುತ್ತದೆ? ನಮ್ಮ ಧ್ವನಿಪೆಟ್ಟಿಗೆಯಿರುವುದು ಶ್ವಾಸನಾಳದ ಮೇಲ್ತುದಿಯಲ್ಲಿ. ಹಕ್ಕಿಗಳ ಧ್ವನಿಯಂತ್ರವಿರುವುದು ಅದರ ಕೆಳತುದಿಯಲ್ಲಿ, ನಾಳವು ಎರಡು ಕವಲಾಗಿ ಎಡಬಲದ ಶ್ವಾಸಕೋಶಗಳಿಗೆ ಇಳಿಯುವ ಕಡೆ. ಇದಕ್ಕೆ ಸಿರಿಂಕ್ಸ್ ಎಂದು ಹೆಸರು. ಹಾಡುಹಕ್ಕಿಗಳಲ್ಲಿ ಎರಡು ಕವಲುಗಳಲ್ಲಿಯೂ ಬೇರೆ ಬೇರೆ ಕಂಪಿಸುವ ಅಂಗಗಳಿವೆ. ಒಂದೊಂದು ಪಕ್ಕವನ್ನು ಅದರದೇ ಸ್ನಾಯುಗಳು ಬಿಗಿಮಾಡಿ ಸಡಿಲಿಸುತ್ತವೆ. ಒಬ್ಬನೇ ಎರಡು ಕೊಳಲುಗಳನ್ನು ಬಾಯಿಗಿಟ್ಟು, ಬೇಕಾದಾಗ ಒಂದನ್ನು, ಬೇಕಾದಾಗ ಎರಡನ್ನೂ ನುಡಿಸಿದಂತೆ ಇದರ ವ್ಯವಸ್ಥೆ.

ಯಂತ್ರ ಒಳ್ಳೆಯದಾದರೆ ಸಾಲದು, ಅದನ್ನು ನುಡಿಸುವ ರೀತಿಯನ್ನೂ ಕಲಿಯಬೇಕು. ಅಮೆರಿಕದ ಸೂ ಆನ್ ಝಾಲಿಂಜರ್ ಮತ್ತು ರಾಡರಿಕ್ ಸದರ್ಸ್ ಎಂಬವರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಬಲು ಬೋಧಪ್ರದವಾಗಿದೆ. ಅವರು ಮಾಕಿಂಗ್‌ಬರ್ಡುಗಳಿಗೆ ಬೇರೆ ಹಕ್ಕಿಗಳ ಹಾಡುಗಳನ್ನು ಕೇಳಿಸಿ ಬೆಳೆಸಿ, ಅವು ಅನುಕರಿಸುವಾಗ ಸಿರಿಂಕ್ಸಿನ ಯಾವ ಪಕ್ಕದಲ್ಲಿ ಗಾಳಿ ಹಾಯುತ್ತದೆಂಬುದನ್ನು ಅಳೆದರು. ಕಾರ್ಡಿನಲ್ ಎಂಬ ಕೆಂಪು ಹಕ್ಕಿ ಎತ್ತರದ ಸ್ವರದಿಂದ ತಗ್ಗಿನ ಸ್ವರಕ್ಕೆ ಜಾರುವಾಗ ಮೇಲಿನ ಸ್ವರಗಳನ್ನು ಬಲಪಕ್ಕದಿಂದಲೂ ಕೆಳಗಿನವನ್ನು ಎಡಪಕ್ಕದಿಂದಲೂ ನುಡಿಸುತ್ತದೆ. ನಡುವಿನ ಬೆಸುಗೆ ಕಿವಿಗೆ ತಿಳಿಯದು. ಮಾಕಿಂಗ್‌ಬರ್ಡ್ ಅದನ್ನು ನಿಖರವಾಗಿ ಅನುಕರಿಸಿದಾಗ ತಾನೂ ಹಾಗೆಯೇ ಪಕ್ಕ ಬದಲಿಸುತ್ತಿತ್ತು. ಅಂದರೆ ಒಂದೇ ದನಿಗೆ ಒಂದೇ ದಾರಿ.

ಕೆನರಿ ಹಕ್ಕಿಯ ದೀರ್ಘವಾದ ಕಂಪಿತದಲ್ಲಿ ಮಾತ್ರ ಮಾಕಿಂಗ್‌ಬರ್ಡ್ ಸೋತಿತು. ಕೆನರಿಯು ಸ್ವರ ಸ್ವರಗಳ ನಡುವೆ ಕಿರಿದಾದ ಉಸಿರುಗಳನ್ನು ಎಳೆದುಕೊಂಡು ಬಹಳ ಹೊತ್ತು ಬಿಡದೆ ಹಾಡಬಲ್ಲದು. ಮಾಕಿಂಗ್‌ಬರ್ಡಿಗೆ ಅಷ್ಟು ಚುರುಕಾದ ಉಸಿರಾಟ ಸಾಧ್ಯವಾಗದೆ, ಅದು ಹಾಡನ್ನು ತುಂಡು ತುಂಡಾಗಿ ಕಡಿದು ನಡುನಡುವೆ ಉಸಿರೆಳೆದುಕೊಂಡಿತು. ಅನುಕರಣಪಟುವಿನ ಕಿವಿಗೂ ನೆನಪಿಗೂ ಎಲ್ಲೆ ಎಲ್ಲಿದೆಯೋ, ಮೈಗಂತೂ ಎಲ್ಲೆಯುಂಟೆಂಬುದು ಇದರಿಂದ ತಿಳಿದುಬರುತ್ತದೆ.

ಇದರಿಂದ ಪ್ರಯೋಜನವೇನು?

ಇಷ್ಟು ಶ್ರಮದಿಂದ ಕಲಿತ ವಿದ್ಯೆಗೆ ಬದುಕಿನಲ್ಲಿ ಉಪಯೋಗವಿರಬೇಕೆಂದು ನಾವು ಊಹಿಸುವುದು ಸಹಜ. ವಿಜ್ಞಾನಿಗಳು ಒಂದಲ್ಲ, ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಜಾತಿ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಮೊದಲನೆಯದು ಹಾಡಿನ ಸಂಪತ್ತು. ಹೆಚ್ಚು ಬಗೆಯ ಹಾಡುಗಳನ್ನು ಬಲ್ಲ ಗಂಡು ಹೆಣ್ಣಿನ ಒಲವನ್ನು ಗಳಿಸಬಹುದು, ಎದುರಾಳಿಗಳನ್ನು ದೂರವಿಡಬಹುದು. ಪರರ ದನಿಗಳನ್ನು ಸೇರಿಸಿಕೊಳ್ಳುವುದು ಭಂಡಾರವನ್ನು ಹಿಗ್ಗಿಸುವ ಸುಲಭೋಪಾಯ. ೧೯೭೭ರಲ್ಲಿ ಜಾನ್ ಕ್ರೆಬ್ಸ್ ಎಂಬವರು ಬಗೆಬಗೆಯ ಹಾಡುಗಳ ಬಗ್ಗೆ ಒಂದು ಚಮತ್ಕಾರದ ಊಹೆಯನ್ನು ಮಂಡಿಸಿದರು. ಕೋಟೆಯಲ್ಲಿ ಕೆಲವರೇ ಉಳಿದಾಗ ಸತ್ತ ಸಿಪಾಯಿಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಸೈನ್ಯ ತುಂಬಿದೆಯೆಂದು ಶತ್ರುವನ್ನು ನಂಬಿಸುವ ಕತೆಯುಂಟಲ್ಲ, ಹಾಗೆ ಒಂದೇ ಹಕ್ಕಿ ಹಲವು ಹಾಡು ಹಾಡಿ ಜಾಗವೆಲ್ಲ ತುಂಬಿದೆಯೆಂಬ ಭ್ರಮೆಯನ್ನು ಹುಟ್ಟಿಸಬಹುದೆಂಬುದು ಆ ಊಹೆ.

ಎರಡನೆಯದು ಸಹಕಾರ. ಶ್ರೀಲಂಕೆಯ ಸಿಂಹರಾಜ ಕಾಡಿನ ಭೀಮರಾಜಗಳ ಮೇಲೆ ಈಬನ್ ಗುಡೇಲ್ ಮತ್ತು ಸರತ್ ಕೋಟಗಮ ಅವರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟವು. ಹಲವು ಜಾತಿಯ ಹಕ್ಕಿಗಳು ಕೂಡಿ ಮೇಯುವ ಗುಂಪಿನೊಡನೆ ಭೀಮರಾಜ ಸಂಚರಿಸುತ್ತದೆ. ಅವು ಕದಡಿದ ಹುಳುಗಳು ಅದಕ್ಕೆ ಆಹಾರ. ಭೀಮರಾಜನ ದನಿಯನ್ನು ಮುದ್ರಿಸಿ ಕಾಡಿನಲ್ಲಿ ಕೇಳಿಸಿದಾಗ, ಬರೇ ಅದರ ಸ್ವಂತ ಕೂಗುಗಳಿಗಿಂತ ಅನುಕರಣವೂ ಬೆರೆತ ಕೂಗುಗಳಿಗೆ ಬೇರೆ ಹಕ್ಕಿಗಳು ಹೆಚ್ಚಾಗಿ ಬಂದು ಸೇರಿದುವು. ಅಪಾಯವಿಲ್ಲದ ಹೊತ್ತಿನಲ್ಲಿ ಅದು ನೆರೆಯ ಹಕ್ಕಿಗಳ ಹಾಡನ್ನೂ ಸಾಮಾನ್ಯ ಕೂಗನ್ನೂ, ಅಪಾಯದ ಹೊತ್ತಿನಲ್ಲಿ ಅವುಗಳ ಎಚ್ಚರಿಕೆಯ ಕೂಗನ್ನೂ ಅನುಕರಿಸುತ್ತಿತ್ತೆಂಬುದು ಇನ್ನೊಂದು ಗಮನಾರ್ಹ ಸಂಗತಿ.

ಮೂರನೆಯದು ವಂಚನೆ. ಆಫ್ರಿಕದ ಕಾಲಹಾರಿ ಮರುಭೂಮಿಯ ಕವಲುಬಾಲದ ಕಾಜಾಣವು ಬೇರೆ ಪ್ರಾಣಿಗಳ ಹಿಂದೆ ಸುತ್ತುತ್ತದೆ. ಅವುಗಳಲ್ಲಿ ಹರಟೆಮಲ್ಲಗಳೂ ಉಂಟು, ಮೀರ್‌ಕ್ಯಾಟ್ ಎಂಬ ಮುಂಗುಸಿಯ ಬಳಗದ ಪ್ರಾಣಿಗಳೂ ಉಂಟು. ಬೇಟೆಹಕ್ಕಿ ನಿಜವಾಗಿ ಬಂದಾಗ ಅದು ಎಚ್ಚರಿಕೆಯ ಕೂಗು ಹಾಕುತ್ತದೆ. ಅವು ಓಡಿ ಅಡಗಿ ಬದುಕಿಕೊಳ್ಳುತ್ತವೆ. ಆದರೆ ಅವುಗಳಲ್ಲೊಂದು ದಪ್ಪನೆಯ ಹುಳುವನ್ನು ಅಗೆದು ತೆಗೆದಾಗ, ಯಾವ ಅಪಾಯವೂ ಇಲ್ಲದೆ ಕಾಜಾಣ ಕೂಗಿಬಿಡುತ್ತದೆ. ಅವು ತುತ್ತು ಬಿಟ್ಟು ಓಡುತ್ತವೆ. ತುತ್ತು ಕಾಜಾಣದ ಪಾಲಾಗುತ್ತದೆ. ೨೦೧೪ರಲ್ಲಿ ಟಾಮ್ ಫ್ಲವರ್ ಮತ್ತು ಸಂಗಡಿಗರು ಪ್ರಕಟಿಸಿದಂತೆ ಈ ಕಾಜಾಣಗಳು ಬಳಸಿದ ಎಚ್ಚರಿಕೆಯ ಕೂಗುಗಳು ೫೧ ಬಗೆಯವು. ಅವುಗಳಲ್ಲಿ ಹೆಚ್ಚಿನವು ಅನುಕರಿಸಿದವು. ಆಹಾರದ ಸುಮಾರು ಕಾಲುಭಾಗ ಇಂಥ ಕಳವಿನಿಂದಲೇ ಬರುತ್ತಿತ್ತು.

'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕತೆಯನ್ನು ಬಲ್ಲ ವಿದ್ಯಾರ್ಥಿಯು ಇಲ್ಲೊಂದು ಪ್ರಶ್ನೆ ಕೇಳಬೇಕು. ಮೋಸ ಹೋದವರು ಮತ್ತೆ ಮತ್ತೆ ನಂಬುವರೆ? ಉತ್ತರ ಅಲ್ಲಿಯೇ ಇದೆ. ಒಂದೇ ಕೂಗನ್ನು ಮತ್ತೆ ಮತ್ತೆ ಕೇಳಿಸಿದಾಗ ಹರಟೆಮಲ್ಲಗಳು ಅದನ್ನು ಲಕ್ಷಿಸುವುದು ಕಡಿಮೆಯಾಯಿತು. ಕೂಗಿನ ಬಗೆಯನ್ನು ಬದಲಿಸಿದಾಗ ಮತ್ತೆ ಬೆದರಿದುವು. ಕಾಜಾಣವೂ ಮೊದಲ ಕೂಗು ಫಲಿಸದಿದ್ದರೆ ಬೇರೊಂದಕ್ಕೆ ತಿರುಗುತ್ತದೆ. ಅನುಕರಣದ ದೊಡ್ಡ ಭಂಡಾರವು ಇಲ್ಲಿ ಕಳ್ಳನ ಕೈಯ ಬೀಗದಕೈ ಗೊಂಚಲಿನಂತೆ ಕೆಲಸಮಾಡುತ್ತದೆ.

ಹಕ್ಕಿಗೆ ಅರ್ಥ ತಿಳಿದಿದೆಯೆ?

ಹಾಗಾದರೆ ಕಾಜಾಣವು ಮೋಸಮಾಡುತ್ತಿರುವೆನೆಂದು ತಿಳಿದೇ ಮೋಸಮಾಡುತ್ತದೆಯೆ? ಇಲ್ಲಿ ಅವಸರ ಸಲ್ಲದು. 'ಈ ಕೂಗು ಕೂಗಿದರೆ ತುತ್ತು ಸಿಗುತ್ತದೆ' ಎಂಬ ಅನುಭವದ ಕಲಿಕೆಯೊಂದೇ ಮೇಲಿನ ವರ್ತನೆಯನ್ನೆಲ್ಲ ವಿವರಿಸಬಲ್ಲದು. ಗಂಟೆ ಬಾರಿಸಿದರೆ ಊಟವೆಂದು ನಾಯಿ ಕಲಿಯುವುದಕ್ಕೆ ಗಡಿಯಾರದ ಜ್ಞಾನ ಬೇಕಿಲ್ಲ. ಸರಳವಾದ ಕಾರಣ ಸಾಕಾಗುವಲ್ಲಿ ಜಟಿಲವಾದ ಕಾರಣವನ್ನು ತರಬಾರದೆಂಬುದು ವಿಜ್ಞಾನದ ನಿಯಮ.

ಇದೇ ಎಚ್ಚರವನ್ನು ನಮ್ಮ ಕಾಜಾಣದ ವಿಷಯದಲ್ಲಿಯೂ ಇಟ್ಟುಕೊಳ್ಳಬೇಕು. ಅದು ಶಿಕ್ರಾದಂತೆ ಕೂಗಿ ತುತ್ತು ಕಸಿದುದನ್ನು ಒಬ್ಬರು ನೋಡಿದರೆನ್ನೋಣ. ಆ ಒಂದು ಘಟನೆಯಿಂದ ಏನೂ ಸಿದ್ಧವಾಗುವುದಿಲ್ಲ. ನಿಜವಾದ ಶಿಕ್ರಾ ಮೇಲೆ ಹಾರುತ್ತಿದ್ದಿರಬಹುದು. ಕಾಜಾಣ ಸುಮ್ಮನೆ ಕೂಗಿದಾಗ ಗೊರವಂಕಗಳು ಕಾಕತಾಳೀಯವಾಗಿ ಎದ್ದಿರಬಹುದು. ಆದುದರಿಂದ ಎಣಿಸಬೇಕಾದುದು ನಾಲ್ಕು ಸಂದರ್ಭಗಳನ್ನು: ಗೊರವಂಕಗಳ ಬಾಯಲ್ಲಿ ತುತ್ತಿದ್ದಾಗ ಕೂಗಿದುದೆಷ್ಟು ಸಲ, ಕೂಗದಿದ್ದುದೆಷ್ಟು ಸಲ; ತುತ್ತಿಲ್ಲದಾಗ ಕೂಗಿದುದೆಷ್ಟು ಸಲ, ಕೂಗದಿದ್ದುದೆಷ್ಟು ಸಲ. ಈ ನಾಲ್ಕನ್ನೂ ಬರೆದಾಗಲೇ ಕೂಗಿಗೂ ತುತ್ತಿಗೂ ಸಂಬಂಧವುಂಟೋ ಇಲ್ಲವೋ ಹೇಳಬಹುದು. ಫಲಿಸಿದ ಘಟನೆಗಳನ್ನು ಮಾತ್ರ ನೆನಪಿಟ್ಟುಕೊಂಡವನು ಹಕ್ಕಿಯಿಂದಲ್ಲ, ತನ್ನ ನೆನಪಿನಿಂದಲೇ ವಂಚಿತನಾಗುತ್ತಾನೆ.

ಪಂಜರದಿಂದ ಕಾಡನ್ನು ತಿಳಿಯಲಾಗದು

ಮಾತನಾಡುವ ಹಕ್ಕಿಯೆಂದರೆ ಜನಕ್ಕೆ ನೆನಪಾಗುವುದು ಗಿಳಿ ಮತ್ತು ಕಾಡಿನ ಬೆಟ್ಟಮೈನಾ. ಬ್ರಯನ್ ಬರ್ಟ್ರಾಮ್ ಎಂಬವರು ಭಾರತದ ಬೆಟ್ಟಮೈನಾಗಳ ಮೇಲೆ ನಡೆಸಿ ೧೯೭೦ರಲ್ಲಿ ಪ್ರಕಟಿಸಿದ ಅಧ್ಯಯನದ ಫಲ ಬೆರಗುಗೊಳಿಸುವಂಥದು. ಸ್ವತಂತ್ರವಾದ ಬೆಟ್ಟಮೈನಾ ಬೇರೆ ಜಾತಿಗಳ ದನಿಯನ್ನು ಅನುಕರಿಸುವುದೇ ಇಲ್ಲ! ಅದು ಕಲಿಯುವುದು ನೆರೆಯಲ್ಲಿರುವ ತನ್ನ ಜಾತಿಯ ಹಕ್ಕಿಗಳಿಂದ, ಅದರಲ್ಲಿಯೂ ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ. ಮರಿಯಾಗಿದ್ದಾಗಲೇ ಹಿಡಿದು ಪಂಜರದಲ್ಲಿಟ್ಟಾಗ ಅದಕ್ಕೆ ನೆರೆಯವರೆಂದರೆ ಮನುಷ್ಯರೇ. ಅದು ಆಡುವ ಮಾತು ತನ್ನ ಬಂಧುಬಳಗ ಸಿಗದ ಹಕ್ಕಿಯ ಮಾತು. ಗಿಳಿ, ಬೆಟ್ಟಮೈನಾಗಳಂಥ ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅಪರಾಧ.

ಇದಕ್ಕಿಂತಲೂ ವ್ಯಸನಕರವಾದ ಅನುಕರಣವೊಂದುಂಟು. ಆಸ್ಟ್ರೇಲಿಯದ ರೀಜೆಂಟ್ ಎಂಬ ಜೇನುಹೀರುಕ ಹಕ್ಕಿಯು ಕಾಡಿನ ನಾಶದಿಂದ ಕೆಲವು ನೂರಕ್ಕೆ ಇಳಿದಿದೆ. ಹರೆಯದ ಗಂಡುಗಳಿಗೆ ಹಾಡು ಕಲಿಸುವ ಹಿರಿಯರೇ ಸಿಗದಂತಾಗಿ, ಅವು ನೆರೆಯ ಬೇರೆ ಜಾತಿಗಳ ಹಾಡುಗಳನ್ನು ಕಲಿಯತೊಡಗಿವೆ. ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೧೨ ಗಂಡುಗಳು ತಮ್ಮ ಕುಲದ ಹಾಡನ್ನು ಹಾಡಲೇ ಇಲ್ಲ. ಅಂಥವುಗಳಿಗೆ ಸಂಗಾತಿ ಸಿಗುವುದೂ ಕಷ್ಟ. ಕಾಜಾಣದಲ್ಲಿ ಬದುಕುವ ಉಪಾಯವಾದ ಪರಕಂಠವೇ ಇಲ್ಲಿ ಅಳಿವಿನ ಗುರುತಾಗಿದೆ.

ಹಾಡಿನಲ್ಲಿ ನೆರೆಹೊರೆಯ ಲೆಕ್ಕ

ಅನುಕರಿಸುವ ಹಕ್ಕಿ ತಾನು ಬಾಳಿದ ಸ್ಥಳದ ಲೆಕ್ಕವನ್ನು ಹಾಡಿನಲ್ಲಿ ಹೊತ್ತು ತಿರುಗುತ್ತದೆ. ಯುರೋಪಿನ ಮಾರ್ಷ್ ವಾರ್ಬ್ಲರ್ ಎಂಬ ಚಿಕ್ಕ ಹಕ್ಕಿ ಚಳಿಗಾಲವನ್ನು ಆಫ್ರಿಕದಲ್ಲಿ ಕಳೆಯುತ್ತದೆ. ೧೯೭೯ರಲ್ಲಿ ಫ್ರಾನ್ಸ್‌ವಾಜ್ ಡೌಸೆಟ್ ಲೆಮೇರ್ ಎಂಬ ವಿದುಷಿ ಪ್ರಕಟಿಸಿದಂತೆ ಇದರ ಒಂದು ಗಂಡು ಸರಾಸರಿ ೭೬ ಜಾತಿಗಳ ದನಿಗಳನ್ನು ಅನುಕರಿಸುತ್ತದೆ; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆಫ್ರಿಕದ ಹಕ್ಕಿಗಳವು. ಬೆಲ್ಜಿಯಮ್ಮಿನ ಪೊದೆಯಲ್ಲಿ ಕುಳಿತ ಹಕ್ಕಿ ತಾನು ಹೋಗಿಬಂದ ದೇಶಗಳ ಸುದ್ದಿಯನ್ನು ಹಾಡುತ್ತಿತ್ತು!

ನಮ್ಮ ಕಳಿಂಗ, ನೆಲಗುಬ್ಬಿಗಳ ಹಾಡಿನಲ್ಲಿಯೂ ಇಂಥ ಲೆಕ್ಕವುಂಟು. ಅದನ್ನು ಓದಲು ಪ್ರಯೋಗಶಾಲೆ ಬೇಕಿಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಗಳು ಒಂದೊಂದು ನೋಟ್‌ಬುಕ್ಕನ್ನು ಹಿಡಿದು, ಒಂದು ತಿಂಗಳ ಕಾಲ ದಿನವೂ ಬೆಳಿಗ್ಗೆ ಅರ್ಧ ಗಂಟೆ ಒಂದೇ ಸ್ಥಳದಲ್ಲಿ ಕುಳಿತು ಕೇಳಿದರೆ ಸಾಕು. ತಾರೀಖು, ವೇಳೆ, ಹಾಡಿದ ಹಕ್ಕಿ, ಅನುಕರಿಸಿದ ದನಿ ಯಾರದು, ಆ ದನಿಯ ಒಡೆಯ ಹತ್ತಿರದಲ್ಲಿತ್ತೆ, ಕೂಗಿನ ತರುವಾಯ ಏನಾಯಿತು ಎಂಬ ಆರು ಕಲಮುಗಳಿರಲಿ. ಮೊಬೈಲಿನಲ್ಲಿ ದನಿಯನ್ನು ಮುದ್ರಿಸಿಕೊಂಡು ಮೂಲ ಹಕ್ಕಿಯ ದನಿಯೊಡನೆ ಹೋಲಿಸಬಹುದು. ದನಿಯನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳೂ ಪುಕ್ಕಟೆಯಾಗಿ ಸಿಗುತ್ತವೆ. ಗೂಡಿನ ಬಳಿ ಮಾತ್ರ ಮುದ್ರಿತ ದನಿಯನ್ನು ಕೇಳಿಸಕೂಡದು. ಎದುರಾಳಿ ಬಂದನೆಂದು ತಾಯಿತಂದೆಗಳು ಮರಿಗಳನ್ನು ಬಿಟ್ಟು ಹೊರಡಬಹುದು.

ನಾಲ್ಕು ಊರುಗಳ ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟರೆ, ಒಂದೇ ಜಾತಿಯ ಹಕ್ಕಿ ಕಾಡಿನಂಚಿನಲ್ಲಿ ಯಾರ ದನಿಯನ್ನು, ಕಲ್ಲುಗುಡ್ಡದಲ್ಲಿ ಯಾರ ದನಿಯನ್ನು ನುಡಿಯುತ್ತದೆಂಬುದು ಗೊತ್ತಾಗುತ್ತದೆ. ಹತ್ತು ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ಇನ್ನೊಂದು ಪಟ್ಟಿಯನ್ನು ಮಾಡಿದರೆ ಯಾವ ದನಿ ಉಳಿಯಿತು, ಯಾವುದು ಮರೆಯಾಯಿತು ಎಂಬುದೂ ತಿಳಿಯುತ್ತದೆ. ಬಯಲು ಉಳುಮೆಗೆ ಬಂದು, ಬದುವಿನ ಜಾಲಿ ಕಡಿದುಹೋದಲ್ಲಿ ಮೊದಲು ಹೊರಟುಹೋಗುವುದು ಮೂಲದ ಹಕ್ಕಿ. ಅದನ್ನು ಕೇಳಿ ಕಲಿಯುವವರಿಗೆ ಆಮೇಲೆ ಮಾದರಿಯಿರುವುದಿಲ್ಲ. ಆ ಮೊದಲನೆಯ ಪಟ್ಟಿಯನ್ನು ಈಗ ಬರೆದಿಟ್ಟರೆ ಮಾತ್ರ ಎರಡನೆಯದಕ್ಕೆ ಅರ್ಥ ಬರುತ್ತದೆ.